ಪಕ್ಷಿಗಳ ಜ್ವರ

ಮಹಾಭಾರತದ ಶಾಂತಿಪರ್ವದಲ್ಲಿ ಜ್ವರೋತ್ಪತ್ತಿಯ ಕಥೆಯೊಂದುಂಟು. ದಕ್ಷಯಜ್ಞದ ಕಾಲದಲ್ಲಿ ರುದ್ರನ ಬೆವರಿನಿಂದ ಹುಟ್ಟಿದ ಜ್ವರವನ್ನು ಒಂದೇ ಕಡೆ ಬಿಟ್ಟರೆ ಲೋಕವು ತಾಳಲಾರದೆಂದು ಅದನ್ನು ಸಕಲ ಭೂತಗಳಿಗೂ ಹಂಚಿಕೊಟ್ಟರಂತೆ. ಆನೆಗೆ ತಲೆಯ ತಾಪ, ಗಿಣಿಗೆ ಬಿಕ್ಕಳಿಕೆ, ಕೋಗಿಲೆಗೆ ಕಣ್ಣಿನ ರೋಗ, ನವಿಲಿಗೆ ಜುಟ್ಟಿನ ಸೀಳು. ಪಾಠಶಾಲೆಯಲ್ಲಿ ಇದನ್ನು ಓದುವಾಗ ನಾವು ನಗುತ್ತಿದ್ದೆವು. ಆದರೆ ಹಕ್ಕಿಗೂ ಮನುಷ್ಯನಿಗೂ ಜ್ವರವು ಸಮಾನವಾದ ಪಾಲೆಂಬ ಮಾತು ಅಕ್ಷರಶಃ ದಿಟವೆಂದು ತಿಳಿದುಬಂದ ಚರಿತ್ರೆಯು ನಮ್ಮ ಬೆಂಗಳೂರಿನ ದಂಡುಪ್ರದೇಶದಿಂದಲೇ ಪ್ರಾರಂಭವಾಗುವುದೆಂಬುದನ್ನು ಬಲ್ಲವರು ವಿರಳ.

1883ರಲ್ಲಿ ರೊನಾಲ್ಡ್ ರಾಸ್ ಎಂಬ ತರುಣ ವೈದ್ಯನು ಇಲ್ಲಿನ ಸೈನ್ಯಕ್ಕೆ ವೈದ್ಯನಾಗಿ ಬಂದನು. ಆತನ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ವಿಪರೀತವಾಗಿದ್ದಿತು. ಕಿಟಕಿಯ ಹೊರಗಿದ್ದ ತೊಟ್ಟಿಯೊಂದರಲ್ಲಿ ಅವುಗಳ ಮರಿಗಳು ಕುಣಿಯುತ್ತಿರುವುದನ್ನು ಕಂಡು ಅದನ್ನು ಮಗುಚಿದನು, ಕಾಟವು ಕಡಮೆಯಾಯಿತು. ಇತರ ತೊಟ್ಟಿಗಳನ್ನೂ ಹಾಗೆಯೇ ಮಾಡಬಹುದೆಂದು ಹೇಳಿದರೆ, ಅದು ಸೃಷ್ಟಿಕ್ರಮಕ್ಕೆ ವಿರೋಧವೆಂದು ಸೈನ್ಯದ ಅಧಿಕಾರಿಯೊಬ್ಬನು ಒಪ್ಪಲಿಲ್ಲ! ಮರಳಿ 1895ರಲ್ಲಿ ವಾಂತಿಭೇದಿಯ ನಿವಾರಣೆಗಾಗಿ ಆತನನ್ನು ಇಲ್ಲಿಗೇ ಕಳುಹಿಸಿದರು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ, ಮಲೇರಿಯಾ ರೋಗಿಯನ್ನು ಕಚ್ಚಿದ ಸೊಳ್ಳೆಯ ಹೊಟ್ಟೆಯಲ್ಲಿ ಆ ರೋಗಾಣುವನ್ನು ಕಂಡನು.

ಮುಂದಿನ ವರ್ಷ ಆತನು ಕಲ್ಕತ್ತೆಗೆ ಹೋದಾಗ ಪ್ಲೇಗಿನ ಭೀತಿಯು ಹಬ್ಬಿತ್ತು. ಸೂಜಿಯನ್ನು ಕಂಡರೆ ಜನರು ಓಡುತ್ತಿದ್ದುದರಿಂದ ಮನುಷ್ಯರ ರಕ್ತವೇ ದೊರೆಯಲಿಲ್ಲ. ಆಗ ರಾಸನು ಗುಬ್ಬಚ್ಚಿಗಳ ಕಡೆಗೆ ತಿರುಗಿದನು. ಅವುಗಳಿಗೂ ಮಲೇರಿಯಾ ಉಂಟಷ್ಟೆ! ರೋಗದ ಗುಬ್ಬಿಯನ್ನು ಕಚ್ಚಿದ ಸೊಳ್ಳೆಯ ಲಾಲಾಗ್ರಂಥಿಯವರೆಗೆ ರೋಗಾಣುವನ್ನು ಹಿಂಬಾಲಿಸಿ, ಅದೇ ಸೊಳ್ಳೆಗಳಿಂದ ಆರೋಗ್ಯವಂತ ಗುಬ್ಬಿಗಳಿಗೆ ಜ್ವರವು ಹತ್ತುವುದನ್ನು 1898ರ ಜುಲೈಯಲ್ಲಿ ಸಿದ್ಧಪಡಿಸಿದನು. 1902ರ ನೊಬೆಲ್ ಬಹುಮಾನವು ಈ ಬಡ ಗುಬ್ಬಿಗಳ ಋಣವೇ ಸರಿ. (1898ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರಿಗೂ ಬಂದಿತು, ಬಸವನಗುಡಿಯ ಬಡಾವಣೆಯು ಅದರಿಂದ ಹುಟ್ಟಿದುದು.) ಸುಶ್ರುತನಿಗೆ ಇದೆಲ್ಲವೂ ಮೊದಲೇ ಗೊತ್ತಿತ್ತೆಂದು ಕೆಲವರು ವಾದಿಸುವರು. ಆತನು ಐದು ಬಗೆಯ ಸೊಳ್ಳೆಗಳನ್ನು ಎಣಿಸಿ ಕಡಿತದ ತುರಿಕೆ ಊತಗಳನ್ನು ಹೇಳಿರುವುದು ನಿಜ. ವಿಷಮಜ್ವರವನ್ನು ಬೇರೆಡೆ ವಿವರಿಸಿರುವುದೂ ನಿಜ. ಎರಡಕ್ಕೂ ಗಂಟುಹಾಕಿದವರು ನಾವು, ಸುಶ್ರುತನಲ್ಲ.

ಗುಬ್ಬಿಗೆ ಜ್ವರವನ್ನು ತರುವ ಸೊಳ್ಳೆಯು ಕ್ಯೂಲೆಕ್ಸ್ ಜಾತಿಯದು. ನಮ್ಮ ರಾಜಕಾಲುವೆಗಳ ಕೊಳೆನೀರಿನಲ್ಲಿ ಬೆಳೆಯುವುದೂ ಇದೇ. ಇದು ಹಡಗಿನ ನೀರಿನೊಡನೆ 1826ರಲ್ಲಿ ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳನ್ನು ಮುಟ್ಟಿತು. ಅದುವರೆಗೆ ಅಲ್ಲಿ ಸೊಳ್ಳೆಯೆಂಬ ಪ್ರಾಣಿಯೇ ಇರಲಿಲ್ಲ. ಅನಂತರ ಹೊರಗಿನಿಂದ ತಂದ ಹಕ್ಕಿಗಳ ರಕ್ತದಲ್ಲಿ ಮಲೇರಿಯಾ ಬಂದು ಸೇರಿತು. ಲಕ್ಷಾಂತರ ವರ್ಷ ಈ ಜ್ವರದ ಹೆಸರನ್ನೇ ಅರಿಯದೆ ಬೆಳೆದ ಅಲ್ಲಿನ ಮಧುಪಾಯಿ ಪಕ್ಷಿಗಳು ತಗ್ಗುನಾಡಿನಲ್ಲಿ ತರಗೆಲೆಗಳಂತೆ ಉದುರಿದುವು. ಇಯಿವಿ ಎಂಬ ಕೆಂಪು ಹಕ್ಕಿಗಳನ್ನು ರೋಗದ ಸೊಳ್ಳೆಯು ಒಮ್ಮೆ ಕಚ್ಚಿದರೆ ಹತ್ತರಲ್ಲಿ ಒಂಬತ್ತು ಸಾಯುವುವೆಂದು ಪ್ರಯೋಗದಿಂದ ಗೊತ್ತಾಗಿದೆ. 50ಕ್ಕೂ ಮಿಕ್ಕಿದ್ದ ಜಾತಿಗಳಲ್ಲಿ ಈಗ ಉಳಿದಿರುವುದು 20ಕ್ಕಿಂತ ಕಡಮೆ. ಅಳಿದವಕ್ಕೆಲ್ಲ ಜ್ವರವೊಂದೇ ಕಾರಣವಲ್ಲ, ಕಾಡಿನ ನಾಶವೂ ಇಲಿಗಳೂ ಸೇರಿದುವು. ಉಳಿದುವು ಬಹುಮಟ್ಟಿಗೆ ಎತ್ತರದ ಬೆಟ್ಟಗಳನ್ನೇ ಆಶ್ರಯಿಸಿವೆ. ಏಕೆಂದರೆ ಸುಮಾರು 13 ಡಿಗ್ರಿ ಸೆಂಟಿಗ್ರೇಡಿಗಿಂತ ತಂಪಾದಲ್ಲಿ ಸೊಳ್ಳೆಯೊಳಗೆ ರೋಗಾಣುವು ಬೆಳೆಯಲಾರದು.

ಆದರೆ ಅಮಾಕಿಹಿ ಎಂಬ ಹಳದಿ ಹಸುರಿನ ಸಣ್ಣ ಹಕ್ಕಿಯು ತಗ್ಗುನಾಡಿನಲ್ಲಿ, ಸೊಳ್ಳೆಗಳ ನಡುವೆಯೇ, ಪುನಃ ಹೆಚ್ಚುತ್ತಿರುವುದನ್ನು ಪಂಡಿತರು ಕಂಡರು. ಪರೀಕ್ಷಿಸಿದಾಗ, ತಗ್ಗಿನ ಅಮಾಕಿಹಿಗೆ ಸೋಂಕು ತಗಲಿದರೂ ಅದು ಬೆಟ್ಟದ ಅಮಾಕಿಹಿಯಂತೆ ಸಾಯದೆ ಬದುಕಿಕೊಂಡಿತು. ಯಾವ ಹಕ್ಕಿಯೂ ತಪಸ್ಸು ಮಾಡಿ ಈ ವರವನ್ನು ಪಡೆಯಲಿಲ್ಲ. ಹುಟ್ಟಿನಿಂದಲೇ ಸ್ವಲ್ಪ ಸಹನಶಕ್ತಿಯಿದ್ದುವು ಉಳಿದು ಮರಿಮಾಡಿದುವು, ಇಲ್ಲದವು ಸಂತತಿಯಿಲ್ಲದೆ ಹೋದುವು. ಹಲವು ತಲೆಮಾರು ಕಳೆಯುವಷ್ಟರಲ್ಲಿ ಕುಲವೇ ಬದಲಾಯಿತು. ಇಯಿವಿಗೆ ಈ ಭಾಗ್ಯವು ಒದಗಲಿಲ್ಲ. ಉಳಿಯುವುವು ತೀರ ಸ್ವಲ್ಪವಾದರೆ ಆರಿಸಿಕೊಳ್ಳಲು ಪ್ರಕೃತಿಗಾದರೂ ಏನಿರುವುದು?

ಅಮೆರಿಕದ ಹೌಸ್ ಫಿಂಚ್ ಎಂಬ ಗುಬ್ಬಿಯಂಥ ಹಕ್ಕಿಗೆ ಕೋಳಿಗಳ ರೋಗಾಣುವೊಂದು ತಗಲಿ ಕಣ್ಣು ಬಾತುಕೊಳ್ಳುವ ವ್ಯಾಧಿಯು 1994ರಲ್ಲಿ ಕಾಣಿಸಿತು. (ಕೋಕಿಲನ ನೇತ್ರರೋಗವು ನೆನಪಾಗದಿರದು.) ಸುಮಾರು 12 ವರ್ಷ ರೋಗದೊಡನೆ ಬಾಳಿದ ಅಲಬಾಮದ ಹಕ್ಕಿಗಳನ್ನೂ ರೋಗವನ್ನೇ ಕಾಣದ ಅರಿಜೋನದ ಹಕ್ಕಿಗಳನ್ನೂ ಒಟ್ಟಿಗೆ ಪರೀಕ್ಷಿಸಲು, ಮೊದಲನೆಯವು ರೋಗಾಣುವನ್ನು ಹತ್ತಿಕ್ಕುವ ಶಕ್ತಿಯನ್ನು ಪಡೆದಿದ್ದುವು. ಇತ್ತ ರೋಗಾಣುವೂ ಸುಮ್ಮನಿರದೆ ಕ್ರೂರವಾಗುತ್ತಲೇ ಹೋಯಿತು.

ನಮ್ಮ ನಾಡಿನಲ್ಲಿ ಸೊಳ್ಳೆಯೂ ಹಕ್ಕಿಯೂ ಬಹುಕಾಲದ ಒಕ್ಕಲುಗಳು. ಆದುದರಿಂದ ಮಡಿವಾಳ, ಸಾರಕ್ಕಿ, ಪುಟ್ಟೇನಹಳ್ಳಿಯ ಕೆರೆಗಳ ಹಕ್ಕಿಗಳಿಗೆ ಹವಾಯಿಯ ಗತಿಯು ಬಂದೀತೆಂದು ಹೆದರಿಸುವುದು ನನಗೆ ಸರಿತೋರದು. 1948ರಲ್ಲಿ ಅಸ್ತಿಭಾರವಾದ ಜಯನಗರದಲ್ಲಿ ಗುಬ್ಬಿಗಳು ಅಪರೂಪವಾದುದಕ್ಕೆ ಹೆಂಚಿನ ಮಾಡೂ ಗೋಡೆಯ ಸಂದೂ ಇಲ್ಲದಾದುದನ್ನು ಮೊದಲು ನೆನೆಯಬೇಕು. ಆದರೆ ಲಂಡನ್ನಿನ ಗುಬ್ಬಿಗಳಲ್ಲಿ ನೂರಕ್ಕೆ 74ರಲ್ಲಿ ಮಲೇರಿಯಾ ರೋಗಾಣುವಿದ್ದುದು 2019ರಲ್ಲಿ ಪ್ರಕಟವಾಯಿತು. ರಾಸನು ಕಲ್ಕತ್ತೆಯಲ್ಲಿ ಕಂಡ ಜಾತಿಯೇ ಅದು.

ನನಗೆ ಚಿಂತೆಯಿರುವುದು ಘಟ್ಟದ ಹಕ್ಕಿಗಳ ವಿಷಯದಲ್ಲಿ. ಬಾಬಾಬುಡನ್ ಗಿರಿ, ನೀಲಗಿರಿಗಳ ಶೋಲಾ ಕಾಡುಗಳಲ್ಲಿ ಮಾತ್ರ ಇರುವ ನೀಲಿಬಣ್ಣದ ಶೋಲಾಕಿಳಿಯು ತನ್ನ ಬೆಟ್ಟವನ್ನು ಬಿಟ್ಟು ಹೋಗಲಾರದು. ಶೋಲಾ ಪಕ್ಷಿಗಳಲ್ಲಿ ರಕ್ತದ ಪರೋಪಜೀವಿಗಳುಂಟೆಂದೂ, ಸೋಂಕಿನ ಅಪಾಯವು ಪಕ್ಷಿಯ ವಂಶವನ್ನು ಅನುಸರಿಸಿ ಬದಲಾಗುವುದೆಂದೂ 2020ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತಿಳಿಸಿದೆ. ವರ್ಷದಿಂದ ವರ್ಷಕ್ಕೆ ಬಿಸಿಲೇರುತ್ತಿರಲು ಸೊಳ್ಳೆಯು ಬೆಟ್ಟವನ್ನು ಹತ್ತುವುದು; ಶಿಖರದ ಮೇಲಿರುವ ಹಕ್ಕಿಗೆ ಇನ್ನೂ ಮೇಲೆ ಹತ್ತಲು ಬೆಟ್ಟವಿಲ್ಲ.