ಆಟದ ಗಣಕಯಂತ್ರದ ಬಿಡಿಭಾಗಗಳು – ಆಯ್ಕೆಯ ಹಿಂದಿರುವ ಇತಿಹಾಸ



ಕೊತ್ತಪಲ್ಲಿ, ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆಯ ನಮ್ಮ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಓದಿದ ಮಕ್ಕಳು ಡಿಪ್ಲೊಮಾ, ಇಂಜಿನಿಯರಿಂಗ್ ಎಂದು ಹೈದರಾಬಾದಿಗೋ ರಾಯಚೂರಿಗೋ ಹೋಗುತ್ತಾರೆ. ಹೋದವರು ಕೇಳುವ ಪ್ರಶ್ನೆಗಳಲ್ಲಿ ಈಗ ಇದೂ ಒಂದು: "ಸಾರ್, ಒಳ್ಳೆ ಗೇಮಿಂಗ್ ಪಿಸಿ ಜೋಡಿಸಬೇಕು. ಯಾವ ಪಾರ್ಟ್ಸ್ ತಗೋಬೇಕು?"

ಬೆಲೆಪಟ್ಟಿ ಅಂಗಡಿಯಲ್ಲಿ ಸಿಗುತ್ತದೆ. ನಮಗೆ ಅದಕ್ಕಿಂತ ಮುಖ್ಯವೆನಿಸುವ ಪ್ರಶ್ನೆ ಬೇರೆ. ಟಿ.ವಿ.ಯನ್ನು ನಾವು ಬಿಡಿಬಿಡಿಯಾಗಿ ಕೊಂಡು ಮನೆಯಲ್ಲಿ ಜೋಡಿಸುವುದಿಲ್ಲ. ಗಣಕಯಂತ್ರವನ್ನು ಮಾತ್ರ ಹಾಗೆ ಜೋಡಿಸಬಹುದು. ಏಕೆ? ಈ ಸ್ವಾತಂತ್ರ್ಯ ನಮಗೆ ಕೊಟ್ಟವರು ಯಾರು? ಇದರ ಇತಿಹಾಸ ತಿಳಿದವನಿಗೆ ಆಯ್ಕೆ ಅರ್ಧ ಸುಲಭವಾಗುತ್ತದೆ ಎಂಬುದು ನಮ್ಮ ಅನಿಸಿಕೆ.

ಪೆಟ್ಟಿಗೆ ತೆರೆದ ವರ್ಷ – 1981

ಐಬಿಎಂ ಕಂಪನಿ 1981ರ ಆಗಸ್ಟ್ 12ರಂದು ತನ್ನ ಪರ್ಸನಲ್ ಕಂಪ್ಯೂಟರನ್ನು ಬಿಡುಗಡೆ ಮಾಡಿತು. ಬೇಗ ಮಾರುಕಟ್ಟೆಗೆ ಬರಬೇಕಿತ್ತು. ಆದ್ದರಿಂದ ಡಾನ್ ಎಸ್ಟ್ರಿಜ್ ಅವರ ತಂಡ ಎಲ್ಲವನ್ನೂ ತಾನೇ ತಯಾರಿಸದೆ ಹೊರಗೆ ಸಿಗುವ ಭಾಗಗಳನ್ನು ಬಳಸಿತು. ಪ್ರೊಸೆಸರ್ ಇಂಟೆಲ್‌ನ 8088, ಕಾರ್ಯಾಚರಣಾ ತಂತ್ರಾಂಶ ಮೈಕ್ರೋಸಾಫ್ಟ್‌ನದು. ಮದರ್‌ಬೋರ್ಡಿನ ಮೇಲೆ ಬೇರೆಯವರ ಕಾರ್ಡ್ ಸಿಕ್ಕಿಸಲು 5 ಸ್ಲಾಟುಗಳಿದ್ದವು. ವಿದ್ಯುತ್ ಮಂಡಲದ ನಕ್ಷೆಗಳನ್ನೂ ಕೈಪಿಡಿಯಲ್ಲಿ ಅಚ್ಚು ಹಾಕಿಸಿದರು.

ಐಬಿಎಂ ತನ್ನದೆಂದು ಉಳಿಸಿಕೊಂಡದ್ದು ಮುಖ್ಯವಾಗಿ ಬಯಾಸ್ ಎಂಬ ಚಿಕ್ಕ ತಂತ್ರಾಂಶ. 1982ರಲ್ಲಿ ಕಾಂಪ್ಯಾಕ್ ಕಂಪನಿ ಐಬಿಎಂನ ಸಾಲುಗಳನ್ನು ನಕಲು ಮಾಡದೆ, ಅದೇ ಕೆಲಸ ಮಾಡುವ ಬಯಾಸನ್ನು ಹೊಸದಾಗಿ ಬರೆಸಿತು. ಅಲ್ಲಿಗೆ ಬಾಗಿಲು ಪೂರ್ತಿ ತೆರೆಯಿತು. ಯಾರು ಬೇಕಾದರೂ ಭಾಗ ಮಾಡಬಹುದು, ಯಾರು ಬೇಕಾದರೂ ಜೋಡಿಸಬಹುದು. ಇಂದು ನಮ್ಮ ಹುಡುಗ "ಯಾವ ಪಾರ್ಟ್ಸ್" ಎಂದು ಕೇಳುತ್ತಿದ್ದಾನಲ್ಲ, ಆ ಪ್ರಶ್ನೆ ಹುಟ್ಟಿದ್ದು ಇಲ್ಲಿ.

ನಮ್ಮ ದೇಶಕ್ಕೆ ಬಂದ ಬಗೆ

ಇದರಲ್ಲಿ ಒಂದು ತಮಾಷೆಯಿದೆ. ಆ ಹೊತ್ತಿಗೆ ಐಬಿಎಂ ಭಾರತದಲ್ಲೇ ಇರಲಿಲ್ಲ. ವಿದೇಶಿ ಬಂಡವಾಳದ ನಿಯಮಗಳನ್ನು ಒಪ್ಪದೆ 1978ರಲ್ಲಿ ಹೊರಟುಹೋಗಿತ್ತು. ಕಂಪನಿ ಹೋಯಿತು, ಅದರ ಯಂತ್ರದ ವಿನ್ಯಾಸ ಮಾತ್ರ ಬಂತು! 1984ರ ನವೆಂಬರಿನ ಹೊಸ ಕಂಪ್ಯೂಟರ್ ನೀತಿ ಆಮದನ್ನು ಸಡಿಲಿಸಿತು. 1991ರ ಉದಾರೀಕರಣ ಇನ್ನಷ್ಟು ಸಡಿಲಿಸಿತು. 1997ರಲ್ಲಿ ಭಾರತ ವಿಶ್ವ ವಾಣಿಜ್ಯ ಸಂಸ್ಥೆಯ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿತು. ಅದರಂತೆ ಒಪ್ಪಂದದ ಪಟ್ಟಿಯಲ್ಲಿದ್ದ ಗಣಕ ಭಾಗಗಳ ಮೇಲಿನ ಆಮದು ಸುಂಕ 2005ರ ಹೊತ್ತಿಗೆ ಸೊನ್ನೆಗೆ ಇಳಿಯಿತು.

'ಅಸೆಂಬಲ್ಡ್ ಕಂಪ್ಯೂಟರ್' ಎಂಬ ಮಾತು ನಮ್ಮ ಊರುಗಳಿಗೂ ಬಂದದ್ದು ಆ ಕಾಲದಲ್ಲೇ. ಬೆಂಗಳೂರಿನಲ್ಲಿ ಎಸ್.ಪಿ. ರಸ್ತೆ ಎಂದು ಎಲ್ಲರೂ ಕರೆಯುವ ಸಾದರ ಪತ್ರಪ್ಪ ರಸ್ತೆ, ಸಿಕಂದರಾಬಾದಿನಲ್ಲಿ ಸಿ.ಟಿ.ಸಿ. ಎನ್ನುವ ಚೆನಾಯ್ ಟ್ರೇಡ್ ಸೆಂಟರ್ ಇದಕ್ಕೆ ಹೆಸರಾದವು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆದಾಗ ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ, ಆಲಂಪುರ ತಾಲ್ಲೂಕುಗಳು ಆಚೆ ಹೋದವು. ಭಾಷೆ ಒಂದು ಕಡೆ, ರಾಜಧಾನಿ ಇನ್ನೊಂದು ಕಡೆ ಎಂಬುದು ಅಂದಿನಿಂದ ನಮ್ಮ ಪಾಡು. ಬಿಡಿಭಾಗಕ್ಕೆ ಮಾತ್ರ ಈ ತೊಂದರೆಯಿಲ್ಲ. ಎಸ್.ಪಿ. ರಸ್ತೆಯ ರ‍್ಯಾಮ್ ಸಿ.ಟಿ.ಸಿ.ಯ ಮದರ್‌ಬೋರ್ಡಿಗೆ ಸರಿಯಾಗಿ ಕೂರುತ್ತದೆ, ಎರಡೂ ಒಂದೇ ಮಾನಕದವು ಆಗಿದ್ದರೆ ಸಾಕು. 'ಮಾನಕ' ಎಂಬ ಈ ಮಾತನ್ನು ನೆನಪಿಡಿ, ಮುಂದೆ ಮತ್ತೆ ಬರುತ್ತದೆ.

ಪ್ರೊಸೆಸರ್ – ಲೆಕ್ಕ ಮಾಡುವ ತಲೆ

1971ರಲ್ಲಿ ಬಂದ ಇಂಟೆಲ್ 4004ರಲ್ಲಿ ಇದ್ದ ಟ್ರಾನ್ಸಿಸ್ಟರುಗಳು 2,300. 1993ರ ಪೆಂಟಿಯಂ ತಯಾರಿಯ ಮುಂದಾಳುಗಳಲ್ಲಿ ಒಬ್ಬರು ಪುಣೆಯಲ್ಲಿ ಹುಟ್ಟಿದ ವಿನೋದ್ ಧಾಮ್. ಅವರೇ ಮುಂದೆ ಎಎಂಡಿ ಕಂಪನಿಯ ಕೆ6 ಪ್ರೊಸೆಸರಿಗೂ ದುಡಿದರು.

ಪೆಂಟಿಯಂ ಕುರಿತು ಗಣಿತ ಮೇಷ್ಟ್ರುಗಳು ತರಗತಿಯಲ್ಲಿ ಹೇಳಬೇಕಾದ ಕತೆಯೊಂದಿದೆ. 1994ರಲ್ಲಿ ಅಮೆರಿಕದ ಗಣಿತ ಅಧ್ಯಾಪಕ ಥಾಮಸ್ ನೈಸ್ಲಿ ಅವಿಭಾಜ್ಯ ಸಂಖ್ಯೆಗಳ ಲೆಕ್ಕ ಮಾಡುತ್ತಿದ್ದಾಗ ಉತ್ತರ ತಾಳೆಯಾಗಲಿಲ್ಲ. ಹುಡುಕುತ್ತಾ ಹೋದರೆ ತಪ್ಪು ಪ್ರೊಸೆಸರಿನದೇ! 41,95,835ನ್ನು 31,45,727ರಿಂದ ಭಾಗಿಸಿದರೆ 1.33382 ಬರಬೇಕು, ಆ ಪೆಂಟಿಯಂನಲ್ಲಿ 1.33373 ಬರುತ್ತಿತ್ತು. ಇಂಟೆಲ್ ಅವುಗಳನ್ನು ಬದಲಿಸಿಕೊಡಲು 47.5 ಕೋಟಿ ಡಾಲರ್ ತೆಗೆದಿಡಬೇಕಾಯಿತು. ಯಂತ್ರ ಹೇಳಿದ್ದೆಲ್ಲ ಸರಿ ಎಂದು ನಂಬದೆ ತಾಳೆ ನೋಡುವವನೇ ನಿಜವಾದ ವಿದ್ಯಾರ್ಥಿ.

ಆಯ್ಕೆಗೆ ಬರೋಣ. ಇಲ್ಲಿ ನೋಡಬೇಕಾದ್ದು ವೇಗ ಒಂದನ್ನೇ ಅಲ್ಲ, ಸಾಕೆಟ್ಟನ್ನೂ ನೋಡಬೇಕು. ಎಎಂಡಿಯ ಎಎಂ4 ಸಾಕೆಟ್ಟಿನ ರೈಜನ್ 2017ರಲ್ಲಿ ಬಂತು. ಅಂದಿನ ಹಲವು ಮದರ್‌ಬೋರ್ಡುಗಳಿಗೆ ಬಯಾಸ್ ನವೀಕರಿಸಿ, 2022ರಲ್ಲಿ ಬಂದ ರೈಜನ್ 7 5800ಎಕ್ಸ್3ಡಿ ಕೂರಿಸಬಹುದಿತ್ತು. ಐದು ವರ್ಷದ ನಂತರವೂ ಹಳೆ ಬೋರ್ಡ್ ವ್ಯರ್ಥವಾಗಲಿಲ್ಲ. ಕೈಯಲ್ಲಿ ಹಣ ಕಡಿಮೆ ಇರುವವರಿಗೆ ಇದಕ್ಕಿಂತ ದೊಡ್ಡ ಪಾಠವಿಲ್ಲ. ಆ 5800ಎಕ್ಸ್3ಡಿಯ ವಿಶೇಷ 96 ಎಂಬಿ ಕ್ಯಾಶ್ ನೆನಪು. ಪದೇ ಪದೇ ಬೇಕಾಗುವ ಮಾಹಿತಿ ತಲೆಯ ಪಕ್ಕದಲ್ಲೇ ಇದ್ದರೆ ಆಟ ತಡವರಿಸುವುದಿಲ್ಲ. ಮಗ್ಗಿ ಬಾಯಿಪಾಠ ಇದ್ದವನು ಪುಸ್ತಕ ತೆರೆಯುವ ಹಾಗಿಲ್ಲವಲ್ಲ, ಹಾಗೆ.

ಇನ್ನೊಂದು ಮಾತು. 2008ರ ಸೆಪ್ಟೆಂಬರಿನಲ್ಲಿ ಇಂಟೆಲ್ ಆರು ಕೋರುಗಳ ಜಿಯಾನ್ 7400 ಬಿಡುಗಡೆ ಮಾಡಿತು. ಅದರ ವಿನ್ಯಾಸ ನಡೆದದ್ದು ಬೆಂಗಳೂರಿನಲ್ಲಿ. ಸುಮಾರು 190 ಕೋಟಿ ಟ್ರಾನ್ಸಿಸ್ಟರುಗಳ ಚಿಪ್ ಅದು. ಎಎಂಡಿ, ಎನ್‌ವಿಡಿಯಾ ಕಂಪನಿಗಳ ಇಂಜಿನಿಯರುಗಳು ಬೆಂಗಳೂರು, ಹೈದರಾಬಾದು ಎರಡರಲ್ಲೂ ಇದ್ದಾರೆ. ನಮ್ಮ ಮಕ್ಕಳು ಕೊಳ್ಳಬಯಸುವ ಭಾಗಗಳನ್ನು ರೂಪಿಸುವ ಕೆಲಸ ನಮ್ಮ ಎರಡೂ ಊರುಗಳಲ್ಲಿ ನಡೆಯುತ್ತಿದೆ.

ಗ್ರಾಫಿಕ್ಸ್ ಕಾರ್ಡ್ – ಆಟವೇ ಹೆತ್ತ ಭಾಗ

1993ರ ಡಿಸೆಂಬರಿನಲ್ಲಿ ಬಂದ 'ಡೂಮ್' ಆಟದ ಚಿತ್ರಗಳನ್ನೆಲ್ಲ ಪ್ರೊಸೆಸರೇ ಬಿಡಿಸುತ್ತಿತ್ತು. 1996ರಲ್ಲಿ 3ಡಿಎಫ್ಎಕ್ಸ್ ಕಂಪನಿಯ 'ವೂಡೂ' ಕಾರ್ಡ್ ಆ ಭಾರವನ್ನು ಇಳಿಸಿತು. 1999ರಲ್ಲಿ ಎನ್‌ವಿಡಿಯಾದ ಜಿಫೋರ್ಸ್ 256 ಬಂದಾಗ ಜಿಪಿಯು ಎಂಬ ಹೆಸರು ಜನಪ್ರಿಯವಾಯಿತು. 2000ದ ಕೊನೆಯಲ್ಲಿ ಸೋತ 3ಡಿಎಫ್ಎಕ್ಸ್ ತನ್ನ ತಂತ್ರಜ್ಞಾನವನ್ನು ಎನ್‌ವಿಡಿಯಾಕ್ಕೇ ಮಾರಲು ಒಪ್ಪಿತು. 2006ರಲ್ಲಿ ಎಎಂಡಿ ಎಟಿಐ ಕಂಪನಿಯನ್ನು ಕೊಂಡಿತು. ಈ ಕಾರ್ಡುಗಳನ್ನು ಸಿಕ್ಕಿಸುವ ಎಜಿಪಿ, ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟುಗಳು, ಜೊತೆಗೆ ಯುಎಸ್‌ಬಿ – ಈ ಮೂರರ ಹಿಂದೆಯೂ ವಡೋದರಾದಲ್ಲಿ ಬೆಳೆದ ಅಜಯ್ ಭಟ್ ಅವರ ದುಡಿಮೆಯಿದೆ.

ಜಿಪಿಯು ಏಕೆ ಬೇಕು? ಒಬ್ಬ ಮೇಷ್ಟ್ರು ಸಾವಿರ ಲೆಕ್ಕಗಳನ್ನು ಒಂದಾದ ಮೇಲೊಂದು ಬಿಡಿಸಿದರೆ ಸಂಜೆಯಾಗುತ್ತದೆ. ಶಾಲೆಯ ಸಾವಿರ ಮಕ್ಕಳಿಗೆ ಒಂದೊಂದು ಲೆಕ್ಕ ಕೊಟ್ಟರೆ ಒಂದು ಗಳಿಗೆ ಸಾಕು. ಪ್ರೊಸೆಸರ್ ಆ ಮೇಷ್ಟ್ರು, ಜಿಪಿಯು ಆ ಮಕ್ಕಳು. ಸಾಮಾನ್ಯ 1920×1080 ಪರದೆಯಲ್ಲಿ 20,73,600 ಚುಕ್ಕೆಗಳಿವೆ. 4ಕೆ ಎನ್ನುವ 3840×2160 ಪರದೆಯಲ್ಲಿ 82,94,400, ಅಂದರೆ ಸರಿಯಾಗಿ ನಾಲ್ಕು ಪಟ್ಟು. ಸೆಕೆಂಡಿಗೆ 60 ಸಲ ಅಷ್ಟನ್ನೂ ಹೊಸದಾಗಿ ಬಿಡಿಸಬೇಕೆಂದರೆ ಸುಮಾರು 50 ಕೋಟಿ ಚುಕ್ಕೆಗಳು! ಹಾಗಾಗಿ ಮೊದಲು ಪರದೆ ಯಾವುದೆಂದು ನಿಶ್ಚಯಿಸಿ, ಆಮೇಲೆ ಕಾರ್ಡ್ ಆರಿಸಬೇಕು. 1080 ಪರದೆಗೆ 4ಕೆಯ ಕಾರ್ಡ್ ಕೊಂಡರೆ ಎತ್ತಿನ ಗಾಡಿಗೆ ವಿಮಾನದ ಎಂಜಿನ್ ಕಟ್ಟಿದಂತೆ.

2025ರ ಜನವರಿಯಲ್ಲಿ ಬಂದ ಆರ್‌ಟಿಎಕ್ಸ್ 5090ರ ಚಿಪ್ಪಿನಲ್ಲಿ 9,220 ಕೋಟಿ ಟ್ರಾನ್ಸಿಸ್ಟರುಗಳಿವೆ. 1971ರ 2,300ಕ್ಕೆ ಹೋಲಿಸಿದರೆ ಸುಮಾರು 4 ಕೋಟಿ ಪಟ್ಟು. ಇದು 54 ವರ್ಷದ ನಡಿಗೆ.

ಯಾರೂ ಹೊಗಳದ ಭಾಗಗಳು

ಆ 5090 ಕಾರ್ಡ್ ಒಂದೇ 575 ವ್ಯಾಟ್ ಎಳೆಯಬಲ್ಲದು. ಅದಕ್ಕೆ ಕಂಪನಿಯೇ 1,000 ವ್ಯಾಟಿನ ಎಸ್‌ಎಂಪಿಎಸ್ ಶಿಫಾರಸು ಮಾಡಿದೆ. ಲೆಕ್ಕ ಹಾಕೋಣ. ಆಟದ ಹೊತ್ತಿನಲ್ಲಿ ಒಳಗಿನ ಭಾಗಗಳೆಲ್ಲ ಸೇರಿ 720 ವ್ಯಾಟ್ ಬಳಸಿದವು, ಎಸ್‌ಎಂಪಿಎಸ್ ದಕ್ಷತೆ ಶೇ. 90 ಎಂದುಕೊಳ್ಳಿ. ಗೋಡೆಯಿಂದ ಹರಿಯುವುದು 800 ವ್ಯಾಟ್. ದಿನಕ್ಕೆ 4 ಗಂಟೆ ಆಡಿದರೆ 3.2 ಯೂನಿಟ್, ತಿಂಗಳಿಗೆ 96 ಯೂನಿಟ್. ಕೃಷ್ಣಾ ನದಿಯಾಚೆ ಶಕ್ತಿನಗರದಲ್ಲಿ ಉಷ್ಣ ವಿದ್ಯುತ್ ಸ್ಥಾವರ ಉರಿಯುತ್ತಿದೆ ನಿಜ, ಆದರೆ ಬಿಲ್ಲು ಬರುವುದು ನಮ್ಮ ಮನೆಗೆ!

ಕರೆಂಟು ಹೋಗಿ ಬಂದು ಮಾಡುವ ಊರಿನಲ್ಲಿ ಯುಪಿಎಸ್ಸೂ ಬೇಕು. ಅಂಗಡಿಯಲ್ಲಿ ಸಾಮಾನ್ಯವಾಗಿ ಕೊಡುವ 600 ವಿಎ ಯುಪಿಎಸ್ ಹೊರುವುದು 360 ವ್ಯಾಟಿನಷ್ಟೇ. ಇಂಥ ಯಂತ್ರಕ್ಕೆ ಅದು ಸಾಲದು. ಸೆಖೆಯ ಮಾತೂ ಹಾಗೇ. ಫ್ಯಾನು ಒಳಗಿನ ಬಿಸಿಯನ್ನು ಕೋಣೆಗೆ ದಾಟಿಸುತ್ತದೆಯೇ ಹೊರತು ಕೋಣೆಗಿಂತ ತಂಪು ಮಾಡಲಾರದು. ಮೇ ತಿಂಗಳಲ್ಲಿ ಕೋಣೆಯೇ 42 ಡಿಗ್ರಿ ಇದ್ದರೆ ಚಿಪ್ಪು ಅದಕ್ಕಿಂತ ಬಿಸಿಯಾಗಿಯೇ ಇರುತ್ತದೆ. ಆದ್ದರಿಂದ ಗಾಳಿಯಾಡುವ ಕ್ಯಾಬಿನೆಟ್, ಒಳ್ಳೆಯ ಕೂಲರ್ ನಮ್ಮ ಕಡೆ ಶೋಕಿಯಲ್ಲ, ಅಗತ್ಯ. ರ‍್ಯಾಮ್ ಕೊಳ್ಳುವಾಗ ಡಿಡಿಆರ್4 ಬೋರ್ಡಿಗೆ ಡಿಡಿಆರ್5 ಕೂರುವುದಿಲ್ಲ ಎಂಬುದು ತಿಳಿದಿರಲಿ. ಒಂದು ದೊಡ್ಡ ಪಟ್ಟಿಗಿಂತ ಸಮನಾದ ಎರಡು ಪಟ್ಟಿ ಮೇಲು.

ಗದ್ವಾಲ ಸೀರೆಯನ್ನು ನಾವೆಲ್ಲ ನೋಡಿದ್ದೇವೆ. ಮೈ ಹತ್ತಿಯದು, ಅಂಚು ಸೆರಗು ರೇಷ್ಮೆಯದು. ಎರಡೂ ಸೇರುವ ಕಡೆ ಹೆಣಿಗೆ ಸಡಿಲವಾದರೆ ರೇಷ್ಮೆ ಎಷ್ಟು ಹೊಳೆದರೂ ಪ್ರಯೋಜನವಿಲ್ಲ. ಗಣಕದಲ್ಲೂ ಹಾಗೆ. ಎಲ್ಲಕ್ಕಿಂತ ದುರ್ಬಲವಾದ ಭಾಗವೇ ಇಡೀ ಯಂತ್ರದ ವೇಗವನ್ನೂ ಆಯುಷ್ಯವನ್ನೂ ನಿರ್ಧರಿಸುತ್ತದೆ.

ಅಂಗಡಿಯಲ್ಲಿ ಸಿಗದಿದ್ದ ಭಾಗ – ಕನ್ನಡ

ಮಾನಕದ ಮಾತು ಮತ್ತೆ ಬರುತ್ತದೆ ಎಂದಿದ್ದೆವು. ಬಿಡಿಭಾಗಗಳಿಗೆ 1980ರ ದಶಕದಲ್ಲೇ ದಕ್ಕಿದ ಸಮಾನ ಮಾನಕ ನಮ್ಮ ಅಕ್ಷರಕ್ಕೆ ಬಹಳ ತಡವಾಗಿ ದಕ್ಕಿತು. ಒಂದು ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ ಕನ್ನಡ ಇನ್ನೊಂದರಲ್ಲಿ ಚೌಕ, ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಾಣುತ್ತಿದ್ದ ಕಾಲ ಹಲವರಿಗೆ ನೆನಪಿರಬಹುದು. ಕೆ.ಪಿ. ರಾವ್ ಅವರು 26 ಇಂಗ್ಲಿಷ್ ಕೀಲಿಗಳಲ್ಲೇ ಇಡೀ ಕನ್ನಡ ಮೂಡುವ ವಿನ್ಯಾಸ ಕೊಟ್ಟರು. ಕನ್ನಡ ಗಣಕ ಪರಿಷತ್ತಿನ 'ನುಡಿ' ಅದೇ ದಾರಿ ಹಿಡಿಯಿತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಯೂನಿಕೋಡಿನಲ್ಲಿ 1991ರಿಂದಲೇ ಕನ್ನಡವಿದ್ದರೂ, 2001ರ ವಿಂಡೋಸ್ ಎಕ್ಸ್‌ಪಿ 'ತುಂಗಾ' ಅಕ್ಷರದೊಂದಿಗೆ ಬಂದಾಗಲೇ ಅದು ಸಾಮಾನ್ಯರ ಗಣಕದೊಳಗೆ ಕೂತದ್ದು.

ಗಡಿನಾಡಿನ ನಮ್ಮ ಮಕ್ಕಳಿಗೆ ಉಪಯೋಗವಾಗುವ ಇನ್ನೊಂದು ಮಾನಕವಿದೆ: ಇನ್‌ಸ್ಕ್ರಿಪ್ಟ್ ಕೀಲಿಮಣೆ. ಇದರಲ್ಲಿ ಕನ್ನಡದ 'ಕ' ಇರುವ ಕೀಲಿಯಲ್ಲೇ ತೆಲುಗಿನ 'ಕ' ಕೂಡ ಇದೆ. ಒಮ್ಮೆ ಬೆರಳು ಪಳಗಿದರೆ ಎರಡೂ ಭಾಷೆ ಬರೆಯಬಹುದು. ಲಕ್ಷ ರೂಪಾಯಿಯ ಯಂತ್ರ ಜೋಡಿಸಿ ಅದರಲ್ಲಿ ತನ್ನ ಹೆಸರನ್ನು ತನ್ನ ಭಾಷೆಯಲ್ಲಿ ಬರೆಯಲು ಬಾರದಿದ್ದರೆ, ಆ ಜೋಡಣೆಯಲ್ಲಿ ಒಂದು ಭಾಗ ಬಿಟ್ಟುಹೋಗಿದೆ ಎಂದೇ ಅರ್ಥ.

ಆಟದಿಂದ ಪಾಠಕ್ಕೆ

"ಆಟಕ್ಕೆ ಇಷ್ಟು ದುಡ್ಡು ಯಾಕೆ?" ಎಂದು ತಂದೆತಾಯಿಯರು ಕೇಳುವುದು ನ್ಯಾಯವೇ. ಅತಿ ದುಬಾರಿಯದು ಅತಿ ಒಳ್ಳೆಯದೆಂದು ನಾವೂ ಹೇಳುವುದಿಲ್ಲ. ಆದರೆ ಇದೊಂದು ಸಂಗತಿ ಅವರಿಗೂ ತಿಳಿದಿರಲಿ. 2012ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಅಲೆಕ್ಸ್ ಕ್ರಿಜೆವ್‌ಸ್ಕಿ, ಇಲ್ಯಾ ಸುಟ್ಸ್‌ಕೆವರ್, ಜೆಫ್ರಿ ಹಿಂಟನ್ ಚಿತ್ರಗಳನ್ನು ಗುರುತಿಸುವ ಸ್ಪರ್ಧೆಯಲ್ಲಿ ಉಳಿದವರನ್ನು ಬಹಳ ಹಿಂದೆ ಹಾಕಿದರು. ಅವರು ಬಳಸಿದ್ದು ಜಿಟಿಎಕ್ಸ್ 580 ಎಂಬ ಎರಡು ಆಟದ ಕಾರ್ಡುಗಳನ್ನು! ಇಂದಿನ ಕೃತಕ ಬುದ್ಧಿಮತ್ತೆಯ ಅಲೆ ಎದ್ದದ್ದು ಅಲ್ಲಿಂದ. ಅದೇ ಅಲೆಯ ಬೇಡಿಕೆಯಿಂದ 2025ರ ಕೊನೆಗೆ ರ‍್ಯಾಮ್ ಬೆಲೆಯೂ ಏರಿತು. ಆಟದ ಪೆಟ್ಟಿಗೆ ಕಲಿಕೆಯ ಪೆಟ್ಟಿಗೆಯೂ ಆಗಬಲ್ಲದು. ಅದು ಮುಂದೆ ಕೂತವನ ಕೈಯಲ್ಲಿದೆ.

ಶಿಕ್ಷಕ ಮಿತ್ರರಲ್ಲಿ ನಮ್ಮ ಕೋರಿಕೆ ಇಷ್ಟೇ. ಶಾಲೆಯ ಮೂಲೆಯಲ್ಲಿ ಕೆಟ್ಟು ಕೂತ ಹಳೆಯ ಗಣಕವಿದ್ದರೆ, ಕರೆಂಟು ತೆಗೆದು, ಮಕ್ಕಳ ಮುಂದೆ ಬಿಚ್ಚಿ ತೋರಿಸಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ತೆರೆಯಬೇಡಿ, ಅದರಲ್ಲಿ ವಿದ್ಯುತ್ ಉಳಿದಿರುತ್ತದೆ. ಇದು ತಲೆ, ಇದು ನೆನಪು, ಇದು ಚಿತ್ರ ಬಿಡಿಸುವವನು, ಇದು ಎಲ್ಲರಿಗೂ ಅನ್ನ ಕೊಡುವವನು ಎಂದು ಕನ್ನಡದಲ್ಲೇ ಹೇಳಿ. ಇದರ ವಿನ್ಯಾಸ ಬೆಂಗಳೂರಿನಲ್ಲೂ ಹೈದರಾಬಾದಿನಲ್ಲೂ ನಡೆಯುತ್ತದೆ ಎಂದೂ ಹೇಳಿ. ಮುಚ್ಚಿದ ಪೆಟ್ಟಿಗೆಗೆ ಹೆದರುವ ಮಗು, ತೆರೆದ ಪೆಟ್ಟಿಗೆಯನ್ನು ಕಂಡರೆ ಪ್ರಶ್ನೆ ಕೇಳುತ್ತದೆ.