ಸೊಲ್ಲಾಪುರ ಸೀಮೆಯ ಹಾಡಿನ ತಟ್ಟೆಗಳು

ಸೊಲ್ಲಾಪುರ ಮತ್ತು ಅಕ್ಕಲಕೋಟೆಯ ರೆಕಾರ್ಡು ಸಂಗ್ರಹದ ಚರಿತ್ರೆ ಒಂದೇ ಭಾಷೆಯೊಳಗೆ ಹಿಡಿಸುವಂಥದಲ್ಲ. ಶರಣ ಸಿದ್ಧರಾಮನ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ಮರಾಠಿಯ ಲಾವಣಿಕಾರ ರಾಮ ಜೋಶಿಯೂ ಇದೇ ಊರಿನವನು. ಬಟ್ಟೆ ಗಿರಣಿಗಳು ಎದ್ದ ಕಾಲಕ್ಕೆ ತೆಲುಗು ಮನೆಮಾತಿನ ಪದ್ಮಶಾಲಿ ನೇಕಾರರು ಬಂದು ನೆಲೆಸಿದರು. ಅಕ್ಕಲಕೋಟೆ 1948ರವರೆಗೆ ಭೋಸಲೆ ಮನೆತನದ ಮರಾಠಾ ಸಂಸ್ಥಾನವಾಗಿತ್ತು. ಸುತ್ತಲಿನ ಹಳ್ಳಿಗಳ ಮಾತು ಕನ್ನಡ. ಮುಂಬಯಿಯಿಂದ ರಾಯಚೂರಿಗೆ ಹೋಗುವ ರೈಲು ಈ ಸೀಮೆಯನ್ನು ಹಾದುಹೋಗುತ್ತಿತ್ತು. 1880ರ ದಶಕದಲ್ಲಿ ಸೊಲ್ಲಾಪುರದ ಸಮೀಪದ ಹೋಟಗಿಯಿಂದ ವಿಜಾಪುರ, ಬಾಗಲಕೋಟೆ, ಗದಗಿನತ್ತ ಇನ್ನೊಂದು ಹಳಿ ಬಿತ್ತು. ನಾಟಕ ಕಂಪನಿಗಳ ಕಾಲದಲ್ಲಿ ಈ ಎರಡು ಹಾದಿಗಳು ಪೇಟೆಯ ಸರಕಿನಷ್ಟೇ ಸಂಗೀತವನ್ನೂ ಹೊತ್ತವು.

ಭಾರತದಲ್ಲಿ ಧ್ವನಿಮುದ್ರಣದ ವ್ಯವಹಾರ 1902ರ ನವೆಂಬರಿನಲ್ಲಿ ಬೇರೂರಿತು. ಲಂಡನ್ನಿನ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಮೊದಲಾದವರ ಹಾಡುಗಳನ್ನು ಮುದ್ರಿಸಿಕೊಂಡ. ಮೇಣದ ಮೇಲೆ ಹಿಡಿದ ಆ ಮೂಲ ಮುದ್ರಣಗಳು ಜರ್ಮನಿಯ ಹ್ಯಾನೋವರಿಗೆ ಹೋಗಿ ತಟ್ಟೆಗಳಾಗಿ ಮರಳುತ್ತಿದ್ದವು. ದೂರದ ಕಾರ್ಖಾನೆಯವರಿಗೆ ಗುರುತು ಸಿಗಲೆಂದು ಗಾಯಕಿ ಹಾಡಿನ ಕೊನೆಗೆ ತನ್ನ ಹೆಸರನ್ನು ತಾನೇ ಕೂಗಿ ಹೇಳುತ್ತಿದ್ದಳು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ತೆರೆದ ಮೇಲೆ ತಟ್ಟೆಗಳು ಇಲ್ಲಿಯೇ ತಯಾರಾಗತೊಡಗಿದವು. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತಂಗುಲದ ತಟ್ಟೆಯಲ್ಲಿ ಒಂದು ಮಗ್ಗುಲಿಗೆ ಮೂರು ನಿಮಿಷಕ್ಕಿಂತ ತುಸು ಹೆಚ್ಚು ಹಾಡು ಹಿಡಿಯುತ್ತಿತ್ತು. ಇಡೀ ರಾತ್ರಿ ಹಾಡುತ್ತಿದ್ದ ಗವಾಯಿಗಳು ಅಷ್ಟರಲ್ಲೇ ರಾಗದ ಸತ್ವವನ್ನು ಇಳಿಸಬೇಕಾಗಿತ್ತು. ಅದನ್ನು ಸಾಧಿಸಿದವರ ತಟ್ಟೆಗಳು ಇಂದಿಗೂ ಬೆರಗು ಹುಟ್ಟಿಸುತ್ತವೆ.

ಕಂಪನಿಗಳು ಕನ್ನಡಕ್ಕೆ ಬೇರೆ, ಮರಾಠಿಗೆ ಬೇರೆ ಕ್ಯಾಟಲಾಗು ಅಚ್ಚು ಹಾಕಿಸುತ್ತಿದ್ದವು. ಹಾಡುವವರು ಮಾತ್ರ ಆ ಗೆರೆಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಮರಾಠಿ ಸಂಗೀತ ನಾಟಕಕ್ಕೆ ನೆಲೆ ಕಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಅವರ ರಂಗಗೀತೆಗಳಲ್ಲಿ ಕನ್ನಡದ ಧಾಟಿಗಳು ಸೇರಿಕೊಂಡಿದ್ದವು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಮೀರಜಿನಲ್ಲಿ ನೆಲೆಸಿ ಕುಂದಗೋಳದ ಸವಾಯಿ ಗಂಧರ್ವರಂಥ ಶಿಷ್ಯರನ್ನು ಬೆಳೆಸಿದರು. ಸವಾಯಿ ಗಂಧರ್ವರು ಹೆಸರು ಮಾಡಿದ್ದು ಮರಾಠಿ ರಂಗಭೂಮಿಯಲ್ಲಿ. ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ ಎಚ್‌ಎಂವಿ ರೆಕಾರ್ಡುಗಳಿಗಾಗಿ ಗಾಯಕ ಜಿ. ಎನ್. ಜೋಶಿಯವರ ಜೊತೆ ಮರಾಠಿ ಭಾವಗೀತೆ ಹಾಡಿದರು. ಆ ಕಾಲದ ತಟ್ಟೆಗಳ ಮೇಲೆ ಅವರ ಹೆಸರು ‘ಗಾಂಧಾರಿ’ ಎಂದಿದೆ. ಅಂದಿನ ವಿಜಾಪುರ ಜಿಲ್ಲೆಯ ಬೀಳಗಿಯ ಅಮೀರಬಾಯಿ ಕರ್ನಾಟಕಿ ಹಿಂದಿ ಚಿತ್ರಗೀತೆಗಳಿಂದ ದೇಶಕ್ಕೆಲ್ಲ ಪರಿಚಿತರಾದರು. ಅವರ ಅಕ್ಕ ಗೌಹರಬಾಯಿ ಮರಾಠಿ ರಂಗನಟ ಬಾಲಗಂಧರ್ವರ ನಾಟಕ ಕಂಪನಿ ಸೇರಿದರು. ಇಂಥವರ ತಟ್ಟೆಗಳನ್ನು ಕೂಡಿಸುವ ರಸಿಕನಿಗೆ ಎರಡೂ ಕ್ಯಾಟಲಾಗುಗಳು ಬೇಕೇ ಬೇಕು. ಎರಡೂ ನುಡಿಗಳನ್ನು ಸಹಜವಾಗಿ ಬಲ್ಲ ಸೊಲ್ಲಾಪುರ ಸೀಮೆಯವರಿಗೆ ಅದೇ ದೊಡ್ಡ ಅನುಕೂಲ.

ಕೇಳುವವರೆಲ್ಲರೂ ಕೊಳ್ಳುವವರಾಗಿರಲಿಲ್ಲ. ಗ್ರಾಮಫೋನ್ ಪೆಟ್ಟಿಗೆ ಮತ್ತು ತಟ್ಟೆ ಎರಡೂ ಸಾಮಾನ್ಯ ಸಂಸಾರದ ಕೈಗೆ ಎಟುಕದಷ್ಟು ತುಟ್ಟಿ. ಚಹಾದಂಗಡಿ, ರೆಕಾರ್ಡು ಮಾರುವ ಅಂಗಡಿ, ಮದುವೆಯ ಹಂದರ, ಇಲ್ಲೆಲ್ಲ ಜನ ನಿಂತು ಕೇಳುತ್ತಿದ್ದರು. ಅಬ್ದುಲ್ ಕರೀಂ ಖಾನರ ಠುಮ್ರಿಯೊಂದರ ರೆಕಾರ್ಡು ಕೇಳಿ ಮನಸೋತ ಗದಗಿನ ಹುಡುಗ ಭೀಮಸೇನ ಜೋಶಿ 1933ರಲ್ಲಿ ಗುರುವನ್ನು ಹುಡುಕುತ್ತ ಮನೆ ಬಿಟ್ಟ. ಮುಂದೆ ಅದೇ ಕಂಠ ಕನ್ನಡದ ದಾಸರ ಪದಗಳನ್ನೂ ಮರಾಠಿಯ ಅಭಂಗಗಳನ್ನೂ ಒಂದೇ ತನ್ಮಯತೆಯಿಂದ ಹಾಡಿತು. ವಿಠ್ಠಲನ ಪಂಢರಪುರ ಇರುವುದೇ ಸೊಲ್ಲಾಪುರ ಜಿಲ್ಲೆಯಲ್ಲಿ. ಅಭಂಗಗಳಲ್ಲೂ ದಾಸರ ಪದಗಳಲ್ಲೂ ಬರುವ ವಿಠ್ಠಲ ಒಬ್ಬನೇ.

ಎಲ್‌ಪಿ ಭಾರತಕ್ಕೆ ಬಂದದ್ದು 1950ರ ದಶಕದ ಕೊನೆಗೆ. ವಿನೈಲಿನ ಈ ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗಿ, ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಸಂಗೀತ ಕೊಡುತ್ತಿತ್ತು. ರಾಗಕ್ಕೆ ಉಸಿರಾಡಲು ಜಾಗ ದೊರೆಯಿತು. ಆದರೂ ಭಾರತದಲ್ಲಿ 78ರ ತಟ್ಟೆಗಳು ಸುಮಾರು 1970ರವರೆಗೆ ತಯಾರಾದವು. ಕಾರಣ ಸರಳ: ಕೀಲಿ ಕೊಟ್ಟು ನಡೆಸುವ ಪೆಟ್ಟಿಗೆಗೆ ಕರೆಂಟು ಬೇಡ, ಎಷ್ಟೋ ಹಳ್ಳಿಗಳಲ್ಲಿ ಕರೆಂಟು ಇರಲಿಲ್ಲ. 1980ರ ದಶಕದಲ್ಲಿ ಕ್ಯಾಸೆಟ್ಟು ಅಗ್ಗವಾಗಿ ಎಲ್ಲ ಮನೆಗಳಿಗೂ ನುಗ್ಗಿದಾಗ ಎರಡೂ ಬಗೆಯ ತಟ್ಟೆಗಳು ಅಟ್ಟ ಸೇರಿದವು. ಎಷ್ಟೋ ತಟ್ಟೆಗಳು ತೂಕದ ಲೆಕ್ಕದಲ್ಲಿ ಗುಜರಿ ಅಂಗಡಿಗೆ ಹೋದವು.

ಹಳೆಯ ತಟ್ಟೆ ಕೊಳ್ಳುವವನಿಗೆ ಕಿವಿಯಷ್ಟೇ ಸಾಲದು. 78ರ ತಟ್ಟೆ ಅರಗಿನಿಂದ ಮಾಡಿದ್ದು. ಕಲ್ಲಿನ ಪುಡಿ ಬೆರೆಸಿರುವುದರಿಂದ ಉಕ್ಕಿನ ಪಿನ್ನು ಅದರ ಮೇಲೆ ಸವೆಯುತ್ತ ಗೆರೆಗೆ ಹೊಂದಿಕೊಳ್ಳುತ್ತದೆ. ಅದಕ್ಕೇ ಪಿನ್ನನ್ನು ಪದೇ ಪದೇ ಬದಲಿಸಬೇಕು. ಅದೇ ಪಿನ್ನನ್ನು ಎಲ್‌ಪಿಯ ಮೇಲಿಟ್ಟರೆ ಅದರ ಸಣ್ಣ ಗೆರೆಗಳು ಒಂದೇ ಸಲಕ್ಕೆ ಹಾಳಾಗುತ್ತವೆ. ಸ್ಪಿರಿಟ್ಟಿನಿಂದ ಒರೆಸಿದರೆ ಅರಗು ಕರಗುತ್ತದೆ, ವಿನೈಲಿಗೆ ಅದರಿಂದ ಅಷ್ಟು ತೊಂದರೆಯಿಲ್ಲ. ಸೊಲ್ಲಾಪುರದ ಬೇಸಿಗೆ 40 ಡಿಗ್ರಿ ದಾಟುವಂಥದು. ಬಿಸಿಲು ಬೀಳುವಲ್ಲಿಟ್ಟ, ಒಂದರ ಮೇಲೊಂದು ಹೇರಿದ ತಟ್ಟೆಗಳು ಸೊಟ್ಟಗಾಗುತ್ತವೆ. ಅವನ್ನು ನೆಟ್ಟಗೆ ನಿಲ್ಲಿಸಿಯೇ ಇಡಬೇಕು. ಇನ್ನು ತಟ್ಟೆಯ ನಡುವಿನ ಚೀಟಿಯ ಬಣ್ಣ, ಕ್ಯಾಟಲಾಗು ಸಂಖ್ಯೆ, ಗೆರೆ ಮುಗಿಯುವಲ್ಲಿ ಒತ್ತಿದ ಮ್ಯಾಟ್ರಿಕ್ಸ್ ಸಂಖ್ಯೆ, ಇವುಗಳಿಂದ ಹಾಡು ಮುದ್ರಣವಾದ ಕಾಲ, ಕೆಲವೊಮ್ಮೆ ಮುದ್ರಿಸಿದ ಎಂಜಿನಿಯರ್ ಯಾರೆಂಬುದೂ ತಿಳಿಯುತ್ತದೆ. ಹಾಡು ಕೇಳುವ ಹವ್ಯಾಸ ಚರಿತ್ರೆಯ ಕೆಲಸವಾಗುವುದು ಈ ಅಂಕಿಗಳನ್ನು ಬರೆದಿಡತೊಡಗಿದಾಗ.

ಅಂಥ ಬರೆದಿಡುವ ಕೆಲಸಕ್ಕೆ 1990ರಲ್ಲಿ ಮುಂಬಯಿಯಲ್ಲಿ ‘ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್’ ಹುಟ್ಟಿತು. ಮುಂದಿನ ವರ್ಷ ‘ದ ರೆಕಾರ್ಡ್ ನ್ಯೂಸ್’ ಎಂಬ ಪತ್ರಿಕೆ ಹೊರಬಂತು. ಮುಂಬಯಿ, ಪುಣೆಗಳ ಜೊತೆಗೆ ಸೊಲ್ಲಾಪುರ ಮತ್ತು ತುಳಜಾಪುರದಲ್ಲೂ ಇದರ ಶಾಖೆಗಳು ನಡೆದವು. ಗಿರಣಿಯೂರೊಂದರ ರಸಿಕರು ಮಹಾನಗರಗಳ ಸರಿಸಮಕ್ಕೆ ನಿಂತದ್ದು ಸಣ್ಣ ಸಂಗತಿಯಲ್ಲ. ಒಬ್ಬ ಗಾಯಕ ಅಥವಾ ಒಂದು ವಿಷಯ ಆಯ್ದುಕೊಂಡು ತಟ್ಟೆ ಹಚ್ಚಿ ಕೇಳಿಸುವ ಬೈಠಕ್ಕುಗಳು, ಗಾಯಕರ ತಟ್ಟೆಗಳ ಪಟ್ಟಿ ತಯಾರಿಸುವುದು ಸಂಸ್ಥೆಯ ಮುಖ್ಯ ಚಟುವಟಿಕೆಗಳು.

ಈ ಸಂಗ್ರಾಹಕರ ಶ್ರಮ ಬ್ರಿಟಿಷ್ ಲೈಬ್ರರಿಯವರೆಗೂ ಮುಟ್ಟಿತು. ಅಪಾಯದಲ್ಲಿರುವ ದಾಖಲೆಗಳನ್ನು ಉಳಿಸುವ ಅದರ ಯೋಜನೆಯಡಿ ಸೊಸೈಟಿಯ ಸುರೇಶ ಚಾಂದವಣಕರ ಎರಡು ಕಂಪನಿಗಳ ತಟ್ಟೆಗಳನ್ನು ಡಿಜಿಟಲ್ ರೂಪಕ್ಕೆ ತಂದರು. ಒಂದು, 1935ರಿಂದ 1955ರವರೆಗೆ ಮುಂಬಯಿಯಲ್ಲಿ ನಡೆದ ಸ್ವದೇಶಿ ‘ಯಂಗ್ ಇಂಡಿಯಾ’. ಇನ್ನೊಂದು ಜರ್ಮನಿಯ ಒಡಿಯನ್. 1912–16 ಮತ್ತು 1932–38ರ ಎರಡು ಅವಧಿಗಳಲ್ಲಿ ಅದು ಇಲ್ಲಿ 2,000ಕ್ಕೂ ಹೆಚ್ಚು ಮುದ್ರಣಗಳನ್ನು ಹೊರತಂದಿತ್ತು. ಅಬ್ದುಲ್ ಕರೀಂ ಖಾನರು ಕೊನೆಯ ವರ್ಷಗಳಲ್ಲಿ ಹಾಡಿದ ಹೆಸರಾಂತ ತಟ್ಟೆಗಳು ಆ ಎರಡನೆಯ ಅವಧಿಯವು. ಎರಡೂ ಕಂಪನಿಗಳ ಈ ಕೆಲಸಕ್ಕೆ ಆಧಾರವಾದವು ಖಾಸಗಿ ಮನೆಗಳಲ್ಲಿ ಉಳಿದ ತಟ್ಟೆಗಳೇ.