ಹುಬ್ಬಳ್ಳಿ-ಧಾರವಾಡದ ಕೆರೆದಂಡೆಗಳು: ಕರಾವಳಿಯಿಂದ ಹೋಗುವವರಿಗೆ

ಮಕ್ಕಳನ್ನು ಕಾಲೇಜಿಗೆ ಸೇರಿಸಲೆಂದೋ, ನೆಂಟರ ಮದುವೆಗೆಂದೋ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗುವ ನಮ್ಮವರು ಒಂದು ಸಂಜೆ ಬಿಡುವಾದರೆ ಮೊದಲು ಕೇಳುವುದು ನೀರಿನ ದಡವನ್ನು. ಸಮುದ್ರದ ಬದಿಯಲ್ಲಿ ಬೆಳೆದವರಿಗೆ ಇದು ಸಹಜ. ಅಂಥವರಿಗೆ ಉಪಯೋಗವಾಗಲೆಂದು ನಾವು ಕಂಡ ಕೆಲವು ವಿವರಗಳನ್ನು ಇಲ್ಲಿ ಕೊಡುತ್ತಿದ್ದೇವೆ. ಹೆಸರಿನ ಬಗ್ಗೆ ಒಂದು ಮಾತು: ಹೆಬ್ಬಳ್ಳಿ ಎಂಬುದು ಧಾರವಾಡ ತಾಲೂಕಿನ ಬೇರೆಯೇ ಒಂದು ಊರು. ಹುಬ್ಬಳ್ಳಿ ಎಂದುಕೊಂಡು ಅಲ್ಲಿಯ ಬಸ್ಸು ಹತ್ತಬೇಡಿ.

ಅಂಕೋಲಾದಿಂದ ಅರಬೈಲು ಘಟ್ಟ, ಯಲ್ಲಾಪುರ, ಕಲಘಟಗಿ ದಾಟಿದರೆ ಹುಬ್ಬಳ್ಳಿ. ಅಲ್ಲಿಂದ ಧಾರವಾಡಕ್ಕೆ ಸುಮಾರು 20 ಕಿ.ಮೀ. ಆ ರಸ್ತೆಯಲ್ಲೇ, ಹುಬ್ಬಳ್ಳಿ ಪೇಟೆಯಿಂದ ನಾಲ್ಕೈದು ಕಿ.ಮೀ. ಒಳಗೆ, ಉಣಕಲ್ ಕೆರೆ ಸಿಗುತ್ತದೆ. 2018ರಲ್ಲಿ ಓಡಾಟ ಆರಂಭಿಸಿದ ಚಿಗರಿ ಬಸ್ಸು ಹಿಡಿದರೆ ಸುಲಭ. ಸುಮಾರು 200 ಎಕರೆಯ ಈ ಕೆರೆಯ ಏರಿಯ ಬದಿಗೆ ಉದ್ಯಾನವಿದೆ, ಮಕ್ಕಳ ಆಟದ ಜಾಗವಿದೆ, ನೀರಿನ ನಡುವೆ ಸ್ವಾಮಿ ವಿವೇಕಾನಂದರ ಪ್ರತಿಮೆಯಿದೆ. ಸೂರ್ಯಾಸ್ತ ನೋಡಲು ಊರಿನವರೆಲ್ಲ ಇಲ್ಲಿಗೇ ಬರುತ್ತಾರೆ. ಸಮಯವಿದ್ದರೆ ಉಣಕಲ್ ಊರೊಳಗಿನ ಚಂದ್ರಮೌಳೇಶ್ವರ ದೇವಸ್ಥಾನವನ್ನೂ ನೋಡಿ. ಚಾಲುಕ್ಯರ ಕಾಲದ ಕಲ್ಲಿನ ಕೆಲಸ, ನಾಲ್ಕು ಮುಖದ ಲಿಂಗ. ಕೆರೆಗೆ ಬರುವ ನೂರು ಮಂದಿಯಲ್ಲಿ ಹತ್ತು ಮಂದಿಯಾದರೂ ಅತ್ತ ಹೋಗುತ್ತಾರೋ ಇಲ್ಲವೋ.

ಇನ್ನು ಮುಖ್ಯ ವಿಷಯ. ಇದು ಬೀಚ್ ಅಲ್ಲ. ನಾವು ಹೋದಾಗ ಜೊತೆಗಿದ್ದ ಮಕ್ಕಳು ಮಲ್ಪೆಯಲ್ಲಿ ಓಡುವಂತೆಯೇ ನೀರಿನ ಕಡೆ ಓಡಿಬಿಟ್ಟರು. ಹಿಡಿದು ನಿಲ್ಲಿಸುವಷ್ಟರಲ್ಲಿ ನಮ್ಮ ಉಸಿರು ನಿಂತಂತಾಗಿತ್ತು. ಸಮುದ್ರದ ದಡದಲ್ಲಿ ಮರಳು ಮೆಲ್ಲನೆ ಇಳಿಯುತ್ತದೆ, ಅಲೆಯಾದರೂ ಎಚ್ಚರಿಸುತ್ತದೆ. ಕೆರೆಯಲ್ಲಿ ಅದ್ಯಾವುದೂ ಇಲ್ಲ. ಕಲ್ಲು ಕಟ್ಟಿದ ಏರಿಯಿಂದ ಒಂದೇ ಹೆಜ್ಜೆಗೆ ಆಳ. ತಳದಲ್ಲಿ ಕಾಲು ಹೂತುಹೋಗುವ ಹೂಳು. ಮೇಲೆ ಅಂತರಗಂಗೆ ಹಬ್ಬಿದ್ದರೆ ನೀರು ಹಸಿರು ಗದ್ದೆಯಂತೆ ಕಾಣುತ್ತದೆ, ಮಗುವಿಗೆ ಅದು ನೆಲವೇ. ಒಳ್ಳೆಯ ಈಜುಗಾರನ ಕೈಕಾಲನ್ನೂ ಆ ಬೇರು ಕಟ್ಟಿಹಾಕಬಲ್ಲದು. ಸಮುದ್ರದಲ್ಲಿ ಈಜುತ್ತೇವೆ, ಈ ಕೆರೆ ಯಾವ ಲೆಕ್ಕ ಎಂಬ ಮಾತು ನಮ್ಮ ಹುಡುಗರ ಬಾಯಲ್ಲಿ ಬರುವುದುಂಟು. ಉಪ್ಪುನೀರು ದೇಹವನ್ನು ತೇಲಿಸಿದಷ್ಟು ಸಿಹಿನೀರು ತೇಲಿಸುವುದಿಲ್ಲ ಎಂಬುದನ್ನು ಅವರಿಗೆ ಮೊದಲೇ ಹೇಳಿ. ದೋಣಿ ಇದ್ದರೆ ಲೈಫ್ ಜಾಕೆಟ್ ಇಲ್ಲದೆ ಹತ್ತಬೇಡಿ.

ಈ ಅಂತರಗಂಗೆ ದಕ್ಷಿಣ ಅಮೆರಿಕದಿಂದ ಬಂದ ಕಳೆ. ಚರಂಡಿ ನೀರಿನ ಸಾರಜನಕ, ರಂಜಕಗಳನ್ನು ತಿಂದು ಬೆಳೆಯುತ್ತದೆ. ಅನುಕೂಲವಾದರೆ ಎರಡು ವಾರದಲ್ಲಿ ಇಮ್ಮಡಿಯಾಗುತ್ತದೆ. ಬೀಜ ಹೂಳಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಆದ್ದರಿಂದ ಯಂತ್ರ ತಂದು ಎಷ್ಟು ಸಲ ತೆಗೆದರೂ ಬರುವ ಕೊಳಚೆಯನ್ನು ನಿಲ್ಲಿಸದಿದ್ದರೆ ಅದು ಮತ್ತೆ ಬರುತ್ತದೆ. ಒಂದು ಕಾಲಕ್ಕೆ ಹುಬ್ಬಳ್ಳಿಯವರು ಇದೇ ಕೆರೆಯ ನೀರು ಕುಡಿಯುತ್ತಿದ್ದರು. ನಮ್ಮ ಕರಾವಳಿಯ ಮಳೆಯ ಐದನೇ ಒಂದು ಪಾಲಷ್ಟೇ ಬೀಳುವ ಸೀಮೆಯಲ್ಲಿ ಕೆರೆಯೇ ಜೀವ. 1955ರಲ್ಲಿ ಕಲಘಟಗಿ ಕಡೆಯ ನೀರಸಾಗರ ಬಂತು, ಬಳಿಕ ಸವದತ್ತಿಯಿಂದ ಮಲಪ್ರಭೆಯ ನೀರೂ ಬಂತು. ಕುಡಿಯುವುದನ್ನು ಬಿಟ್ಟ ಕೆರೆಯನ್ನು ಕಾಯುವುದನ್ನೂ ಜನ ಬಿಟ್ಟರು ಎಂದು ನಮಗೆ ಅನಿಸುತ್ತದೆ.

ಹುಬ್ಬಳ್ಳಿಯಲ್ಲೇ ತೋಳನಕೆರೆ ಇದೆ. ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಅಭಿವೃದ್ಧಿಯಾದ ಇದರ ಸುತ್ತ ನಡೆಯಲು ದಾರಿಯಿದೆ; ವಯಸ್ಸಾದವರಿಗೆ ಉಣಕಲ್‌ಗಿಂತ ಇದೇ ಹಿತ. ಬೆಳಿಗ್ಗೆ ಬೇಗ ಏಳುವವರು ನೃಪತುಂಗ ಬೆಟ್ಟ ಹತ್ತಬಹುದು. ಮಕ್ಕಳ ಹಟ ಜೋರಾದರೆ ಇಂದಿರಾ ಗಾಜಿನ ಮನೆ ಉದ್ಯಾನ.

ಧಾರವಾಡದ ಸಾಧನಕೇರಿ ಚಿಕ್ಕದು, ಆದರೆ ನಮಗೆ ಅದೇ ಹೆಚ್ಚು ಇಷ್ಟವಾಯಿತು. 1973ರಲ್ಲಿ ಜ್ಞಾನಪೀಠ ಪಡೆದ ವರಕವಿ ದ.ರಾ. ಬೇಂದ್ರೆಯವರ ಮನೆ 'ಶ್ರೀಮಾತಾ' ಇರುವುದು ಇಲ್ಲಿ; ಕೆರೆಯ ಬದಿಗೇ ಬೇಂದ್ರೆ ಭವನ. ಕೆರೆ ನೋಡಿ, ಅಲ್ಲಿ ಅರ್ಧ ಗಂಟೆ ಕೂತು ಬನ್ನಿ. ಕೆಲಗೇರಿ ಕೆರೆ ಇನ್ನೂ ವಿಶಾಲ, ಇನ್ನೂ ನಿರ್ಜನ. ಹಕ್ಕಿ ನೋಡುವವರಿಗೆ ಸರಿ, ಚಿಕ್ಕ ಮಕ್ಕಳೊಂದಿಗೆ ಬೇಡ. ಹಿಂದಿರುಗುವಾಗ ನವಲೂರಿನ ಪೇರಲೆ ಕೊಳ್ಳಲು ಮರೆಯಬೇಡಿ. ಪೇಡಾ ತರಲು ಮನೆಯವರು ಹೇಗೂ ನೆನಪಿಸುತ್ತಾರೆ.

ತಿಂಡಿಯ ಪ್ಲಾಸ್ಟಿಕನ್ನು ಮಾತ್ರ ದಂಡೆಯಲ್ಲಿ ಬಿಟ್ಟು ಬರಬೇಡಿ. ಉಣಕಲ್ ಕೆರೆಯಿಂದ ಹೊರಟ ನಾಲೆ ಹುಬ್ಬಳ್ಳಿ ಪೇಟೆಯ ಕೊಳಚೆಯನ್ನೆಲ್ಲ ಹೊತ್ತು ಬೇಡ್ತಿಯ ಕಡೆಗೆ ಸಾಗುತ್ತದೆ. ಧಾರವಾಡದ ಶಾಲ್ಮಲೆಯೂ ಅದನ್ನು ಕೂಡುತ್ತದೆ. ಆ ಬೇಡ್ತಿ ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರು ಪಡೆದು, ಅಂಕೋಲೆಯ ಬಳಿ ನಮ್ಮದೇ ಕಡಲು ಸೇರುತ್ತದೆ.